ಕೊಂಡಿ ಕಳಚುವ ಕೈಗಳು

ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲವೆಂದು ಬಿ.ಎಸ್ಸಿ. ನರ್ಸಿಂಗ್ ಸೇರಿದವರು, ಅಪ್ಪನ ಒತ್ತಾಯಕ್ಕೆ ಡಿ.ಫಾರ್ಮ ಓದುತ್ತಿರುವವರು, ಊರಿಗೆ ಹತ್ತಿರದ ಕಾಲೇಜಿನಲ್ಲಿ ಡಿಎಂಎಲ್‌ಟಿ ಸೀಟು ಸಿಕ್ಕಿತೆಂದು ಹೋದವರು, ಎಂ.ಎಸ್ಸಿ. ಮೈಕ್ರೊಬಯಾಲಜಿ ಮುಗಿಸಿ ಮುಂದೇನೆಂದು ತಿಳಿಯದೆ ಕುಳಿತವರು, ಈ ಮಾತು ಮೊದಲು ನಿಮಗೆ. ಮದುವೆಮನೆಯಲ್ಲಿ ಯಾರಾದರೂ ‘ಏನಮ್ಮಾ ಓದ್ತಿರೋದು?’ ಎಂದು ಕೇಳಿದರೆ ನೀವು ದನಿ ತಗ್ಗಿಸಿ ಉತ್ತರ ಹೇಳುತ್ತೀರಿ. ಇನ್ನು ಮೇಲೆ ತಗ್ಗಿಸಬೇಡಿ. ಐಸಿಯುಗಳಲ್ಲಿ, ಹೆರಿಗೆ ವಾರ್ಡುಗಳಲ್ಲಿ, ಆಪರೇಷನ್ ಆಗಿ ಮಲಗಿದವರ ಹಾಸಿಗೆಗಳ ನಡುವೆ ದೊಡ್ಡದೊಂದು ಹೋರಾಟ ನಡೆದಿದೆ. ಅದರ ಮುಂಚೂಣಿ ಇರುವುದು ನೀವು ನಿಂತಿರುವ ಜಾಗದಲ್ಲೇ.

2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೆವಾಡ ರಾಜ್ಯದಲ್ಲಿ ವಯಸ್ಸಾದ ಮಹಿಳೆಯೊಬ್ಬರು ತೀರಿಕೊಂಡರು. ಅದಕ್ಕೂ ಮೊದಲಿನ ಎರಡು ವರ್ಷಗಳಲ್ಲಿ ಅವರು ಭಾರತದಲ್ಲಿದ್ದಾಗ ತೊಡೆಯ ಮೂಳೆ ಮುರಿದಿತ್ತು. ಆಮೇಲೆ ಮೂಳೆಗೆ ಸೋಂಕು ತಗುಲಿ ಇಲ್ಲಿನ ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿದ್ದರು. ಅಮೆರಿಕಕ್ಕೆ ಮರಳಿದ ಮೇಲೆ ಅವರ ದೇಹದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಆ ದೇಶದಲ್ಲಿ ಲಭ್ಯವಿದ್ದ 26 ಆಂಟಿಬಯೋಟಿಕ್‌ಗಳ ಎದುರು ಪರೀಕ್ಷಿಸಿದರು. ಒಂದೂ ಕೆಲಸಕ್ಕೆ ಬರಲಿಲ್ಲ. ದುಡ್ಡಿತ್ತು, ವೈದ್ಯರಿದ್ದರು, ಯಂತ್ರಗಳಿದ್ದವು. ಕೊಡಲು ಔಷಧ ಇರಲಿಲ್ಲ.

ಆ ಬ್ಯಾಕ್ಟೀರಿಯಾ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಎಷ್ಟೋ ಜನರ ಕರುಳಿನಲ್ಲಿ ಯಾವ ತಂಟೆಯನ್ನೂ ಮಾಡದೆ ಬದುಕಿಕೊಂಡಿರುವ ಜೀವಿ ಅದು. ವೆಂಟಿಲೇಟರಿನ ಕೊಳವೆ, ಮೂತ್ರದ ಕ್ಯಾಥೆಟರ್, ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್, ಹೀಗೆ ಜೀವ ಉಳಿಸಲೆಂದು ನಾವೇ ತೆರೆದ ದಾರಿಯಲ್ಲಿ ಒಳನುಗ್ಗಿದಾಗ ಅದು ಕೊಲ್ಲಬಲ್ಲದು. ಈ ಕ್ಲೆಬ್ಸಿಯೆಲ್ಲಾದ ಬಳಿ ಎನ್‌ಡಿಎಂ ಎಂಬ ಕಿಣ್ವವನ್ನು ತಯಾರಿಸುವ ಜೀನ್ ಇತ್ತು. ಮೆರೊಪೆನೆಮ್, ಇಮಿಪೆನೆಮ್ ಮುಂತಾದ ಕಾರ್ಬಪೆನೆಮ್‌ಗಳನ್ನು ವೈದ್ಯರು ಕೊನೆಯ ಅಸ್ತ್ರವೆಂದು ಕಾದಿಟ್ಟುಕೊಂಡಿರುತ್ತಾರೆ. ಆ ಔಷಧಗಳ ಅಣುವಿನಲ್ಲಿರುವ ಉಂಗುರವನ್ನು ಈ ಕಿಣ್ವ ಕತ್ತರಿಸಿ ಹಾಕುತ್ತದೆ. ಇದನ್ನು ಮೊದಲು ಗುರುತಿಸಿದ್ದು 2008ರಲ್ಲಿ, ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ.

ಒಂದು ಬ್ಯಾಕ್ಟೀರಿಯಾ ಹೀಗಾಯಿತೆಂದರೆ ಅಷ್ಟೇನೂ ಹೆದರಬೇಕಿರಲಿಲ್ಲ. ಹೆದರಬೇಕಾದದ್ದು ಈ ಜೀನ್ ಕುಳಿತಿರುವ ಜಾಗಕ್ಕೆ. ಅದು ಬಹುಮಟ್ಟಿಗೆ ಪ್ಲಾಸ್ಮಿಡ್ ಎಂಬ, ವರ್ಣತಂತುವಿನಿಂದ ಬೇರೆಯಾಗಿರುವ ಡಿಎನ್‌ಎ ಬಳೆಯ ಮೇಲೆ ಇರುತ್ತದೆ. ಪರೀಕ್ಷಾ ಹಾಲಿನಲ್ಲಿ ಬೆಂಚಿನಿಂದ ಬೆಂಚಿಗೆ ಚೀಟಿ ದಾಟುವಂತೆ ಈ ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಕ್ಲೆಬ್ಸಿಯೆಲ್ಲಾದಿಂದ ಇ. ಕೋಲಿಗೆ, ಅಂದರೆ ತನ್ನ ಕುಲಕ್ಕೇ ಸೇರದ ಜೀವಿಗೂ ದಾಟುತ್ತದೆ. ಒಂದೇ ಪ್ಲಾಸ್ಮಿಡ್‌ನಲ್ಲಿ ನಾಲ್ಕಾರು ಔಷಧಗಳನ್ನು ಸೋಲಿಸುವ ಜೀನ್‌ಗಳು ಒಟ್ಟಿಗೆ ಇರುವುದುಂಟು. ಹಾಗಾಗಿ ನಾವು ಯಾವುದೋ ಒಂದು ಔಷಧವನ್ನು ಅನಗತ್ಯವಾಗಿ ಕೊಟ್ಟಾಗ ಉಳಿದ ಎಲ್ಲ ಔಷಧಗಳನ್ನೂ ಸೋಲಿಸಬಲ್ಲವು ಉಳಿದು ಬೆಳೆಯುತ್ತವೆ.

ಬ್ಯಾಕ್ಟೀರಿಯಾಗಳು ಹೀಗೆ ಜೀನ್ ಹಂಚಿಕೊಳ್ಳುತ್ತವೆ ಎಂದು 1946ರಲ್ಲಿ ತೋರಿಸಿಕೊಟ್ಟ ಜೋಶುವಾ ಲೆಡರ್‌ಬರ್ಗ್‌ಗೆ ಆಗ ಇಪ್ಪತ್ತೊಂದು ವರ್ಷ. ವೈದ್ಯಕೀಯ ಓದಿಗೆ ರಜೆ ಹಾಕಿ, ಯೇಲ್‌ನಲ್ಲಿ ಎಡ್ವರ್ಡ್ ಟೇಟಮ್ ಅವರ ಪ್ರಯೋಗಾಲಯಕ್ಕೆ ಹೋಗಿದ್ದ ವಿದ್ಯಾರ್ಥಿ ಅವರು. ಬ್ಯಾಕ್ಟೀರಿಯಾ ಎಂದರೆ ಸುಮ್ಮನೆ ಇಬ್ಭಾಗವಾಗುತ್ತ ಹೋಗುವ ಜೀವಿ ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ ಅದು.

ಅವರ ಪತ್ನಿ ಎಸ್ತರ್ ಲೆಡರ್‌ಬರ್ಗ್ ಬಗ್ಗೆ ನಮ್ಮ ಪಠ್ಯಗಳು ಹೆಚ್ಚು ಹೇಳುವುದಿಲ್ಲ. ಜೀನ್ ದಾಟಿಸುವ ಎಫ್ ಫ್ಯಾಕ್ಟರನ್ನು ಕಂಡವರಲ್ಲಿ ಅವರು ಪ್ರಮುಖರು. 1952ರಲ್ಲಿ ಈ ದಂಪತಿ ಒಂದು ಪ್ರಯೋಗ ಪ್ರಕಟಿಸಿದರು. ಔಷಧವೇ ಇಲ್ಲದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದರ ಮೇಲೆ ಮಖಮಲ್ ಬಟ್ಟೆಯನ್ನು ಮೆಲ್ಲಗೆ ಒತ್ತಿ, ಆ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಗಳ ಮೇಲೆ ಒಂದರ ನಂತರ ಒಂದರಂತೆ ಒತ್ತಿದರು. ಪ್ರತಿ ತಟ್ಟೆಯಲ್ಲೂ ಬದುಕುಳಿದವು ಒಂದೇ ಜಾಗದಲ್ಲಿ ಕಾಣಿಸಿಕೊಂಡವು. ಮೂಲ ತಟ್ಟೆಗೆ ಮರಳಿ ಅದೇ ಜಾಗದಿಂದ ಎತ್ತಿ ನೋಡಿದರೆ, ಔಷಧದ ಮುಖವನ್ನೇ ಕಂಡಿರದ ಆ ಜೀವಿಗಳಲ್ಲಿ ಔಷಧವನ್ನು ತಾಳುವ ಗುಣ ಮೊದಲೇ ಇತ್ತು! ಔಷಧ ಆ ಗುಣವನ್ನು ಕಲಿಸುವುದಿಲ್ಲ, ಅದು ಇದ್ದವನ್ನು ಆರಿಸಿ ಉಳಿಸುತ್ತದೆ. 2011ರಲ್ಲಿ ಕೆನಡಾದ ವಿಜ್ಞಾನಿಗಳು 30,000 ವರ್ಷಗಳಷ್ಟು ಹಳೆಯ ಹೆಪ್ಪುಗಟ್ಟಿದ ನೆಲದಲ್ಲೂ ಇಂಥ ಜೀನ್‌ಗಳನ್ನು ಕಂಡರು. ಮನುಷ್ಯ ಒಂದು ಮಾತ್ರೆಯನ್ನೂ ತಯಾರಿಸುವ ಮೊದಲೇ ಅವು ಇದ್ದವು.

ಇದನ್ನು ಓದಿ ಕೈಚೆಲ್ಲಬೇಡಿ. ಪ್ರಕೃತಿಯಲ್ಲಿ ಅಂಥ ಜೀನ್ ಇರುವುದನ್ನು ನಾವು ತಪ್ಪಿಸಲಾರೆವು, ನಿಜ. ಆದರೆ ಅದು ಆಯ್ಕೆಯಾಗುವುದು ನಮ್ಮ ಮಾತ್ರೆಯಿಂದ, ಹಾಸಿಗೆಯಿಂದ ಹಾಸಿಗೆಗೆ ದಾಟುವುದು ನಮ್ಮ ಕೈಗಳಿಂದ. ಈ ಎರಡು ಕೊಂಡಿಗಳೂ ನಮ್ಮ ವಶದಲ್ಲಿವೆ. ನೀವು ಬೇಕಾಗಿರುವುದು ಇಲ್ಲಿ.

ಮೊದಲು ಹಾನಿಯ ಅಳತೆ ನೋಡಿ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ, ಭಾರತದಲ್ಲಿ ಸುಮಾರು 3 ಲಕ್ಷ ಎಂದು ಅಂದಾಜು. ಐಸಿಎಂಆರ್ ಜಾಲದ ಆಸ್ಪತ್ರೆಗಳಲ್ಲಿ ಇಮಿಪೆನೆಮ್‌ಗೆ ಮಣಿಯುವ ಕ್ಲೆಬ್ಸಿಯೆಲ್ಲಾ 2017ರಲ್ಲಿ ನೂರಕ್ಕೆ 58ರಷ್ಟಿತ್ತು. 2023ರ ಹೊತ್ತಿಗೆ ಅದು 36ರ ಆಸುಪಾಸಿಗೆ ಇಳಿಯಿತು. ನನ್ನ ನಿದ್ದೆ ಕೆಡಿಸುವುದು ಇನ್ನೊಂದು ಅಧ್ಯಯನ. 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತದ ಸೋಂಕನ್ನು ದಾಖಲಿಸಿದರು. ಸೋಂಕುಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಕಾಣಿಸಿಕೊಂಡದ್ದು ಮಗು ಹುಟ್ಟಿ ಮೂರು ದಿನ ತುಂಬುವುದರೊಳಗೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಅಸಿನೆಟೊಬ್ಯಾಕ್ಟರ್‌ನಲ್ಲಿ ನೂರಕ್ಕೆ 82 ಹಲವು ಔಷಧಗಳಿಗೆ ಬಗ್ಗದವು. ಇನ್ನೂ ಹೆಸರಿಡದ ಮಗು. ಒಂದು ಮಾತ್ರೆಯನ್ನೂ ನುಂಗಿಲ್ಲ, ಯಾವ ತಪ್ಪನ್ನೂ ಮಾಡಿಲ್ಲ. ನಾವೆಲ್ಲ ಸೇರಿ ಮಾಡಿದ್ದರ ಬೆಲೆಯನ್ನು ಅದು ತೆರುತ್ತಿದೆ.

ನರ್ಸಿಂಗ್ ಓದುತ್ತಿರುವವರಿಗೆ ಅಮೆರಿಕದ ಮಿಚಿಗನ್ ರಾಜ್ಯದ ಕಥೆ ತಿಳಿದಿರಬೇಕು. ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯರು ಸೆಂಟ್ರಲ್ ಲೈನ್ ಹಾಕುವಾಗ ಪಾಲಿಸಬೇಕಾದ ಐದೇ ಸಂಗತಿಗಳ ಚೆಕ್‌ಲಿಸ್ಟ್ ಮಾಡಿದರು. ಕೈ ತೊಳೆಯುವುದು, ರೋಗಿಗೆ ತಲೆಯಿಂದ ಕಾಲಿನವರೆಗೆ ಸ್ಟೆರೈಲ್ ಹೊದಿಕೆ ಹಾಕುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು, ಆದಷ್ಟೂ ತೊಡೆಸಂದಿಯ ನಾಳವನ್ನು ಬಿಡುವುದು, ಬೇಡವಾದ ಲೈನನ್ನು ತಕ್ಷಣ ತೆಗೆಯುವುದು. ಇದರಲ್ಲಿ ಹೊಸ ವಿಜ್ಞಾನವೇನೂ ಇಲ್ಲ, ಎಲ್ಲ ವೈದ್ಯರಿಗೂ ಗೊತ್ತಿದ್ದದ್ದೇ. ಹೊಸದಾಗಿದ್ದದ್ದು ಒಂದು ಅಧಿಕಾರ. ವೈದ್ಯರು ಯಾವುದಾದರೂ ಹೆಜ್ಜೆ ತಪ್ಪಿಸಿದರೆ ಅವರನ್ನು ಅಲ್ಲೇ ತಡೆದು ನಿಲ್ಲಿಸುವ ಹಕ್ಕನ್ನು ನರ್ಸ್‌ಗೆ ಕೊಡಲಾಯಿತು. ನೂರಕ್ಕೂ ಹೆಚ್ಚು ಐಸಿಯುಗಳು ಸೇರಿಕೊಂಡವು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಾವಿರ ಕ್ಯಾಥೆಟರ್ ದಿನಗಳಿಗೆ 2.7ರಷ್ಟಿದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಆಗದ ಸೋಂಕಿಗೆ ಆಂಟಿಬಯೋಟಿಕ್ ಬೇಡ. ಕೊಡದ ಆಂಟಿಬಯೋಟಿಕ್ ಯಾವ ಜೀನನ್ನೂ ಆರಿಸುವುದಿಲ್ಲ.

ನಮ್ಮಲ್ಲಿ ‘ಸರ್, ಕೈ ತೊಳೆದುಕೊಂಡು ಬನ್ನಿ’ ಎಂದು ಪ್ರೊಫೆಸರಿಗೆ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿರುತ್ತದೆ, ಹಿರಿಯ ಸಿಸ್ಟರ್ ಬೈಯುತ್ತಾರೆ, ‘ನೀನ್ಯಾರು ಹೇಳೋಕೆ’ ಎಂಬ ಮಾತು ಬರುತ್ತದೆ. ಮೂರು ನಾಲ್ಕು ರೋಗಿಗಳನ್ನು ಒಬ್ಬರೇ ನೋಡಿಕೊಳ್ಳುವ ರಾತ್ರಿ ಪಾಳಿಯಲ್ಲಿ ಪ್ರತಿ ಸಲ ಕೈ ಉಜ್ಜಿಕೊಳ್ಳಲು ಪುರಸೊತ್ತಾದರೂ ಎಲ್ಲಿ? ಈ ಭಾರವನ್ನು ನಿಮ್ಮೊಬ್ಬರ ಹೆಗಲಿಗೆ ಹೊರಿಸಿ ಆಡಳಿತ ಮಂಡಳಿಗಳು ನುಣುಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಾಕಷ್ಟು ಸಿಬ್ಬಂದಿ, ಪ್ರತಿ ಹಾಸಿಗೆಯ ಪಕ್ಕದಲ್ಲಿ ಖಾಲಿಯಾಗದ ಹ್ಯಾಂಡ್‌ರಬ್ ಬಾಟಲಿ, ಇವು ನೀವು ಜಗಳವಾಡಿಯಾದರೂ ಪಡೆಯಬೇಕಾದ ಸೌಲಭ್ಯಗಳು. ಒಬ್ಬರೇ ಹೇಳಿದರೆ ದೂರು ಎನ್ನುತ್ತಾರೆ. ಇಡೀ ಬ್ಯಾಚು ಬರೆದುಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಮೇಲಿನವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇಸ್ರೇಲ್ ಸಾಕ್ಷಿ. 2006-07ರಲ್ಲಿ ಆ ದೇಶದ ಆಸ್ಪತ್ರೆಗಳಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಹಬ್ಬಿತು. ಸರ್ಕಾರವೇ ಮುಂದೆ ನಿಂತು ಪ್ರತಿ ಪ್ರಕರಣದ ದಿನದಿನದ ವರದಿ ಕೇಳಿತು. ಅಂಥ ರೋಗಿಗಳನ್ನು ಬೇರೆ ಇರಿಸಿ, ಅವರಿಗೆಂದೇ ಬೇರೆ ಸಿಬ್ಬಂದಿಯನ್ನು ನೇಮಿಸಿತು. ಲಕ್ಷ ರೋಗಿ-ದಿನಗಳಿಗೆ 55.5 ಇದ್ದ ತಿಂಗಳ ಹೊಸ ಪ್ರಕರಣಗಳು 2008ರ ಮೇ ಹೊತ್ತಿಗೆ 11.7ಕ್ಕೆ ಬಂದವು. ಹೊಸ ಔಷಧ ಬಂದು ಗೆದ್ದದ್ದಲ್ಲ ಅದು.

ಈಗ ಲ್ಯಾಬಿನ ಹುಡುಗ ಹುಡುಗಿಯರಿಗೆ ಬರುತ್ತೇನೆ. ನೆಲಮಾಳಿಗೆಯ ಮೂಲೆಯಲ್ಲಿ, ಮೂತ್ರ, ಕಫ, ಕೀವಿನ ಸ್ಯಾಂಪಲ್‌ಗಳ ನಡುವೆ ಕೆಲಸ ಮಾಡುವ ನಿಮ್ಮನ್ನು ರೋಗಿಗಳು ಒಮ್ಮೆಯೂ ನೋಡುವುದಿಲ್ಲ. ಆದರೆ ವೈದ್ಯರ ಕಣ್ಣು ನೀವು. ಬ್ಯಾಕ್ಟೀರಿಯಾದ ದ್ರಾವಣ 0.5 ಮ್ಯಾಕ್‌ಫರ್ಲೆಂಡ್‌ನಷ್ಟೇ ಮಬ್ಬಾಗಿರಬೇಕು ಎಂದು ನಿಮಗೆ ಕಲಿಸಿರುತ್ತಾರೆ. ‘ಅಂದಾಜಿಗೆ ಸಾಕು’ ಎಂದು ಅದು ತೆಳುವಾದರೆ, ಔಷಧದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಸುಳ್ಳೇ ಅಗಲವಾಗಿ ಕಾಣುತ್ತದೆ. ರಿಪೋರ್ಟಿನಲ್ಲಿ ‘ಸೆನ್ಸಿಟಿವ್’ ಎಂದು ಬರುತ್ತದೆ. ಆ ಔಷಧವನ್ನು ಕೊಡುತ್ತಾರೆ, ರೋಗಿ ಸಾಯುತ್ತಾನೆ. ಯಾರಿಗೂ ಕಾರಣ ಗೊತ್ತಾಗುವುದಿಲ್ಲ.

ಇನ್ನೂ ಮುಂದೆ ಹೋಗಿ ಯಾವ ಜೀನ್ ಎಂದು ನೀವು ಹೇಳಬಲ್ಲಿರಾದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಕಾರ್ಬಪೆನೆಮ್‌ಗೆ ಬಗ್ಗದ ಎರಡು ಕ್ಲೆಬ್ಸಿಯೆಲ್ಲಾಗಳು ತಟ್ಟೆಯಲ್ಲಿ ಒಂದೇ ರೀತಿ ಕಾಣಬಹುದು. ಒಂದರಲ್ಲಿ ಒಎಕ್ಸ್‌ಎ-48 ಜೀನ್ ಇದ್ದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಕೆಲಸಕ್ಕೆ ಬರುವ ಸಾಧ್ಯತೆ ಹೆಚ್ಚು. ಇನ್ನೊಂದರಲ್ಲಿ ಎನ್‌ಡಿಎಂ ಇದ್ದರೆ ಆ ದುಬಾರಿ ಔಷಧ ಒಂದೇ ಸಾಲದು. ಎನ್‌ಡಿಎಂ ತನ್ನ ಕೆಲಸಕ್ಕೆ ಸತುವಿನ ಅಯಾನನ್ನು ಬಳಸುವ ಕಿಣ್ವ, ಅವಿಬ್ಯಾಕ್ಟಮ್ ಅದನ್ನು ತಡೆಯಲಾರದು. ಎನ್‌ಡಿಎಂಗೆ ಕತ್ತರಿಸಲು ಬಾರದ ಒಂದು ಹಳೆಯ ಔಷಧವಿದೆ, ಅಜ್‌ಟ್ರಿಯೊನಾಮ್. ಆದರೆ ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಬೇರೆ ಕಿಣ್ವಗಳೂ ಇದ್ದು ಅವು ಅಜ್‌ಟ್ರಿಯೊನಾಮನ್ನು ಕತ್ತರಿಸುತ್ತವೆ. ಆ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಹೀಗಾಗಿ ಎರಡನ್ನೂ ಜೊತೆಗೆ ಕೊಟ್ಟಾಗ ರೋಗಿ ಉಳಿಯುವ ದಾರಿ ತೆರೆಯುತ್ತದೆ. ಒಂದು ಪಿಸಿಆರ್, ಒಂದು ಸಾಲಿನ ರಿಪೋರ್ಟು. ಅದನ್ನು ಬರೆಯುವವರು ಸಂಬಳದ ಪಟ್ಟಿಯಲ್ಲಿ ಎಲ್ಲಿದ್ದರೂ ಆ ದಿನ ಆ ಆಸ್ಪತ್ರೆಯಲ್ಲಿ ಅವರಿಗಿಂತ ಮುಖ್ಯರು ಇನ್ನೊಬ್ಬರಿಲ್ಲ.

ಎನ್‌ಡಿಎಂ ಎಷ್ಟು ಹರಡಿದೆ ಎಂದು ಜಗತ್ತಿಗೆ ತಿಳಿಸಿದ 2010ರ ಪ್ರಬಂಧದ ಮೊದಲ ಲೇಖಕ ಕಾರ್ತಿಕೇಯನ್ ಕುಮಾರಸಾಮಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಯುವಕ. ಚೆನ್ನೈನಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37 ಮಾದರಿಗಳಲ್ಲಿ ಈ ಜೀನ್ ಇದ್ದುದನ್ನು ಆ ಪ್ರಬಂಧ ದಾಖಲಿಸಿತು. ದೇಶದಲ್ಲಿ ದೊಡ್ಡ ಗದ್ದಲವಾಯಿತು, ಇದು ಭಾರತದ ಆಸ್ಪತ್ರೆಗಳ ಹೆಸರು ಕೆಡಿಸುವ ಹುನ್ನಾರ ಎಂದರು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದೆಹಲಿಯ ರಸ್ತೆಬದಿಯ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿನೀರಿನ 50 ಮಾದರಿಗಳಲ್ಲಿ 2ರಲ್ಲಿ ಅದೇ ಜೀನ್ ಸಿಕ್ಕಿತು. ಆಸ್ಪತ್ರೆಯ ಗೋಡೆ ದಾಟಿ ಅದು ಚರಂಡಿಗೆ ಇಳಿದಿತ್ತು. ಕಂಡದ್ದನ್ನು ಹೇಳಲು ಆ ಯುವಕ ಹಿಂಜರಿದಿದ್ದರೆ ನಾವು ಇನ್ನೂ ಕೆಲವು ವರ್ಷ ಕತ್ತಲಲ್ಲೇ ಇರುತ್ತಿದ್ದೆವು. ಸಿವಿಲ್, ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಓದುತ್ತಿರುವವರೇ, ಆಸ್ಪತ್ರೆಯ ಕೊಳಚೆ ನೀರು ಸಂಸ್ಕರಣೆಯಾಗಿಯೇ ಹೊರಹೋಗುತ್ತಿದೆಯೇ ಎಂದು ನೋಡುವ ಕೆಲಸ ನಿಮ್ಮದು.

ಡಿ.ಫಾರ್ಮ ಓದಿ ನಾಳೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವವರಿಗೆ ಹೇಳಬೇಕಾದದ್ದು ಕೊಂಚ ಕಠಿಣ. ‘ಅಣ್ಣ, ನೆಗಡಿ ಜ್ವರ, ಅಜಿಥ್ರೊಮೈಸಿನ್ ಐನೂರು ಎರಡು ಕೊಡಿ’ ಎಂದು ಕೈ ಚಾಚುವವರು ದಿನಕ್ಕೆ ಎಷ್ಟು ಮಂದಿ ಬರುತ್ತಾರೆಂದು ನಿಮಗೆ ಗೊತ್ತಾಗುತ್ತದೆ. ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ ಎಂಬುದೂ ಗೊತ್ತು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ ಇದನ್ನು ಮುಂಗಂಡಿದ್ದರು. ಮುಂದೊಂದು ದಿನ ಯಾರು ಬೇಕಾದರೂ ಅಂಗಡಿಯಲ್ಲಿ ಇದನ್ನು ಕೊಳ್ಳುವಂತಾಗಬಹುದು, ಸಾಲದಷ್ಟು ತೆಗೆದುಕೊಂಡು ಬ್ಯಾಕ್ಟೀರಿಯಾಗಳನ್ನು ಗಟ್ಟಿ ಮಾಡಬಹುದು ಎಂದು ಎಚ್ಚರಿಸಿದ್ದರು. 2014ರ ಮಾರ್ಚಿನಿಂದ ನಮ್ಮಲ್ಲಿ ಷೆಡ್ಯೂಲ್ ಎಚ್1 ಜಾರಿಯಲ್ಲಿದೆ. ಆ ಪಟ್ಟಿಯಲ್ಲಿರುವ ಆಂಟಿಬಯೋಟಿಕ್ ಮಾರಿದರೆ ರೋಗಿಯ ಹೆಸರು, ಬರೆದುಕೊಟ್ಟ ವೈದ್ಯರ ಹೆಸರು, ಔಷಧದ ಪ್ರಮಾಣ ಎಲ್ಲವನ್ನೂ ಬೇರೆಯದೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ರಿಜಿಸ್ಟರನ್ನು ಪ್ರಾಮಾಣಿಕವಾಗಿ ಬರೆಯಿರಿ. ಚೀಟಿ ಇಲ್ಲದವರಿಗೆ ಪ್ಯಾರಸಿಟಮಾಲ್ ಕೊಟ್ಟು, ಜ್ವರ ಮೂರು ದಿನಕ್ಕೂ ಇಳಿಯದಿದ್ದರೆ ಡಾಕ್ಟರ ಬಳಿ ಹೋಗಿ ಎಂದು ಹೇಳಿ. ಒಂದಷ್ಟು ಗಿರಾಕಿಗಳು ಹೋಗಬಹುದು. ಉಳಿದವರು ನಿಮ್ಮ ಮಾತನ್ನು ನಂಬಲು ಶುರುಮಾಡುತ್ತಾರೆ.

ಸಂಶೋಧನೆಗೆ ಹೋಗುವ ಕನಸಿರುವವರಿಗೆ ಹಾದಿಯ ಕಷ್ಟವನ್ನು ಮುಚ್ಚಿಡುವುದಿಲ್ಲ. ಹೊಸ ಆಂಟಿಬಯೋಟಿಕ್ ಸಿಕ್ಕರೂ ಅದನ್ನು ಕಾದಿಟ್ಟು, ಅಪರೂಪಕ್ಕೆ, ಕೆಲವೇ ದಿನ ಬಳಸಬೇಕು. ಹಾಗಾಗಿ ಲಾಭ ಕಡಿಮೆ. ಅಮೆರಿಕದ ಅಕೇಯೋಜನ್ ಕಂಪನಿ ಪ್ಲಾಜೊಮೈಸಿನ್‌ಗೆ 2018ರಲ್ಲಿ ಅನುಮತಿ ಪಡೆದು ಮರುವರ್ಷವೇ ದಿವಾಳಿಯಾಯಿತು. ಆದರೂ ಕೆಲಸ ನಿಂತಿಲ್ಲ, ನಮ್ಮಲ್ಲಂತೂ ನಿಂತಿಲ್ಲ. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್ಮೆಟಜೊಬ್ಯಾಕ್ಟಮ್ 2024ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಬೆಂಗಳೂರಿನ ಬಗ್‌ವರ್ಕ್ಸ್ ಹೊಸ ಅಣುಗಳನ್ನು ಹುಡುಕುತ್ತಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಬ್ಯಾಕ್ಟೀರಿಯಾದ ಪೊರೆಯನ್ನೇ ಒಡೆಯುವ ಅಣುಗಳ ಅಧ್ಯಯನ ನಡೆದಿದೆ. ಬೆಂಗಳೂರಿನ ಕಿಮ್ಸ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯ ಕೊಲಂಬಿಯಾ, ನೈಜೀರಿಯಾ, ಫಿಲಿಪೀನ್ಸ್‌ನ ಪ್ರಯೋಗಾಲಯಗಳ ಜೊತೆಗೂಡಿ ಇಂಥ ಬ್ಯಾಕ್ಟೀರಿಯಾಗಳ ಇಡೀ ಜೀನೋಮ್ ಓದಿದೆ. ಕಂಪ್ಯೂಟರ್ ಸೈನ್ಸ್ ಓದುವವರಿಗೂ ಇಲ್ಲಿ ಜಾಗವಿದೆ. ಎರಡು ವಾರ್ಡಿನ ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಹೋಲಿಸಿ, ಸೋಂಕು ಯಾವ ಹಾಸಿಗೆಯಿಂದ ಯಾವ ಹಾಸಿಗೆಗೆ ಹೋಯಿತೆಂದು ಹೇಳುವುದು ಇಂದು ಕೋಡ್ ಬರೆಯುವವರ ಕೆಲಸವೂ ಹೌದು.

ಐಸಿಎಂಆರ್‌ನಂಥ ಜಾಲಗಳ ಅಂಕಿಅಂಶ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳದ್ದು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಏನು ನಡೆದಿದೆ ಎಂದು ಹೇಳಬೇಕಾದವರು ನೀವೇ. ನಾಳೆ ಡ್ಯೂಟಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: ನಮ್ಮ ಆಸ್ಪತ್ರೆಯ ಆಂಟಿಬಯೋಗ್ರಾಮ್ ಎಲ್ಲಿದೆ? ಯಾವ ಬ್ಯಾಕ್ಟೀರಿಯಾಕ್ಕೆ ಯಾವ ಔಷಧ ನೂರಕ್ಕೆ ಎಷ್ಟು ಸಲ ಕೆಲಸ ಮಾಡುತ್ತದೆ ಎಂದು ತೋರಿಸುವ ಪಟ್ಟಿ ಅದು. ಇದ್ದರೆ ಓದಿ. ಇಲ್ಲದಿದ್ದರೆ ಮೈಕ್ರೊಬಯಾಲಜಿ ವಿಭಾಗದ ಮೇಡಂ ಅವರನ್ನೋ ಸರ್ ಅವರನ್ನೋ ಒಪ್ಪಿಸಿ, ಲ್ಯಾಬಿನವರು, ನರ್ಸಿಂಗಿನವರು, ಹೌಸ್‌ ಸರ್ಜನ್‌ಗಳು ಒಂದು ತಂಡ ಕಟ್ಟಿಕೊಂಡು, ಕಳೆದ ಒಂದು ವರ್ಷದ ಕಲ್ಚರ್ ರಿಪೋರ್ಟುಗಳನ್ನು ಎಕ್ಸೆಲ್ ಹಾಳೆಗೆ ಇಳಿಸಿ. ರೋಗಿಯ ಹೆಸರು ಬೇಡ. ಒಬ್ಬ ರೋಗಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಎಷ್ಟು ಸಲ ಬೆಳೆದಿದ್ದರೂ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಂದು ಬ್ಯಾಕ್ಟೀರಿಯಾದ 30 ಮಾದರಿಗಳಾದರೂ ಸೇರುವವರೆಗೆ ಅದರ ಶೇಕಡಾವಾರು ಬರೆಯಬೇಡಿ. ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಜಾಗೃತಿ ಸಪ್ತಾಹ ಬರುತ್ತದೆ. ಈ ಸಲ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡಷ್ಟಕ್ಕೇ ನಿಲ್ಲದೆ, ನೀವು ಮಾಡಿದ ಆ ಪಟ್ಟಿಯನ್ನು ಪ್ರತಿ ವಾರ್ಡಿನ ಗೋಡೆಗೆ ಅಂಟಿಸಿ, ಅದರ ಕೆಳಗೆ ನಿಮ್ಮೆಲ್ಲರ ಹೆಸರು ಬರೆಯಿರಿ.